ಒಬ್ಬರಿಗೇ ಮೀಸಲು

ಮಾಸೂರಿನ ಮಾಸ್ತರರ ಮೇಜಿನ ಖಾನೆಯಲ್ಲಿ ನೂರು ಪುಟದ ಒಂದು ವಹಿ ಇದೆ. ಹೊರಗಿನಿಂದ ನೋಡಿದವರಿಗೆ ಅದು ಹಾಲಿನ ಲೆಕ್ಕದ ವಹಿಯಂತೆ ಕಾಣುತ್ತದೆ. ಒಳಗೆ ಗೆರೆ ಹೊಡೆದು ನಾಲ್ಕು ಅಂಕಣಗಳನ್ನು ಮಾಡಿದ್ದಾರೆ. ಕಥೆಯ ಹೆಸರು, ಹೋದ ಪತ್ರಿಕೆ, ಹೋದ ದಿನ, ಮರಳಿ ಬಂದ ದಿನ. ಐದನೆಯ ಅಂಕಣಕ್ಕೆ ಸ್ಥಳವಿಲ್ಲದಿಲ್ಲ; ಆದರೆ ಅದರ ನೆತ್ತಿಯ ಮೇಲೆ ‘ಪ್ರಕಟವಾದ ದಿನ’ ಎಂದು ಬರೆಯಲು ಮಾಸ್ತರರಿಗೆ ಏನೋ ಸಂಕೋಚ. ಅಂಥ ಪ್ರಸಂಗ ಒದಗಿದಾಗ ನಾಲ್ಕನೆಯ ಅಂಕಣದಲ್ಲಿಯೇ ಕೆಂಪು ಮಸಿಯಿಂದ ಒಂದು ಚುಕ್ಕೆ ಇಡುತ್ತಾರೆ. ಮೂವತ್ತು ವರ್ಷಗಳ ವಹಿಯಲ್ಲಿ ಕೆಂಪು ಚುಕ್ಕೆಗಳು ಇಪ್ಪತ್ತೆರಡು. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತ, ಜನಗಣತಿಗೂ ಚುನಾವಣೆಗೂ ಓಡಾಡುತ್ತ, ಉಳಿದ ರಾತ್ರಿಗಳಲ್ಲಿ ಬರೆದವರಿಗೆ ಅದು ಕಡಿಮೆಯ ಫಸಲೇನೂ ಅಲ್ಲ.

ಮಾಸೂರಿಗೂ ಬರವಣಿಗೆಗೂ ಸಂಬಂಧ ಹೊಸದಲ್ಲ. ಕುಮುದ್ವತಿಯ ದಂಡೆಯ ಈ ಊರಿನ ಬಸವರಸನೇ ಸರ್ವಜ್ಞನ ತಂದೆಯೆಂದೂ, ತಾಯಿ ಅಬಲೂರಿನ ಕುಂಬಾರರ ಮಾಳಿ ಎಂದೂ ಪ್ರತೀತಿ. ಮಗ ತ್ರಿಪದಿಗಳನ್ನು ಊರೂರಿಗೆ ಹಂಚುತ್ತ ಹೋದ. ಯಾರಿಗೂ ಮೀಸಲಿಡಲಿಲ್ಲ, ಯಾರ ಉತ್ತರಕ್ಕೂ ಕಾಯಲಿಲ್ಲ. ಜನರ ನಾಲಗೆಯ ಮೇಲೂ ಓಲೆಗರಿಗಳಲ್ಲಿಯೂ ಚದುರಿಹೋಗಿದ್ದ ಅವನ್ನು ಉತ್ತಂಗಿ ಚನ್ನಪ್ಪನವರು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಬೇಕಾಯಿತು. ಹಾಗೆ ಕೂಡಿಸುವವರೊಬ್ಬರು ಬಂದಾರೆಂದು ನಂಬಿ ಶತಮಾನಗಳ ಕಾಲ ಸುಮ್ಮನಿರಲು ಎಲ್ಲ ಲೇಖಕರಿಗೂ ಸಾಧ್ಯವಿಲ್ಲ. ಮಾಸ್ತರರಂತೂ ಸರ್ವಜ್ಞನಲ್ಲ. ಅವರಿಗೆ ಮನೆಯಲ್ಲಿ ಅವ್ವ ಇದ್ದಳು.

ಅವ್ವನ ಕಥೆಯೇ ಈ ವಹಿಯ ಎಂಬತ್ತನೆಯ ಸಾಲಿನ ಸುಮಾರಿಗೆ ಬರುವುದು. ಮದಗದ ಕೆರೆ ತಳ ಕಂಡ ಒಂದು ಬೇಸಗೆಯಲ್ಲಿ, ಗಂಡ ದುಡಿಯಲು ಹೋದ ಊರಿನಿಂದ ಕಾಗದವಿಲ್ಲದೆ, ಇಬ್ಬರು ಮಕ್ಕಳನ್ನು ಸಾಕಿದ ಹೆಂಗಸಿನ ಕಥೆ. ಹೆಸರು ಬದಲಿಸಿದ್ದರೂ ಅವಳು ಅವ್ವನೇ. ಓದುಬರಹ ಬಾರದ ಆಕೆಗೆ ಮಾಸ್ತರರು ಒಂದು ರಾತ್ರಿ ಅದನ್ನು ಓದಿ ಹೇಳಿದರು. ಕೇಳಿ ಆಕೆ ಅಳಲೂ ಇಲ್ಲ, ಹೊಗಳಲೂ ಇಲ್ಲ. “ಇದು ಪುಸ್ತಕದಾಗ ಬರತೈತೇನೋ ತಮ್ಮಾ?” ಎಂದಳು. “ಬರತೈತಿ ಬೇ” ಎಂದರು ಮಾಸ್ತರರು. 2009ರ ಜೂನ್ ತಿಂಗಳಲ್ಲಿ ಆ ಕಥೆ ಒಂದು ವಾರಪತ್ರಿಕೆಗೆ ಹೋಯಿತು. ಜೊತೆಗೆ ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆ. ಮತ್ತು ಒಂದು ಮುಚ್ಚಳಿಕೆ: ‘ಈ ಕಥೆಯು ಸ್ವಂತದ್ದು, ಅಪ್ರಕಟಿತವಾದದ್ದು, ಬೇರೆ ಯಾವ ಪತ್ರಿಕೆಯ ಪರಿಶೀಲನೆಯಲ್ಲಿಯೂ ಇಲ್ಲ.’

ಅಲ್ಲಿಂದ ಹದಿನಾಲ್ಕು ತಿಂಗಳು. ಪ್ರತಿ ವಾರ ಪತ್ರಿಕೆ ಬಸ್ ನಿಲ್ದಾಣದ ಅಂಗಡಿಗೆ ಬಂದಾಗ ಅವ್ವನದು ಅದೇ ಪ್ರಶ್ನೆ, ಮಗನದು ಅದೇ ಉತ್ತರ. ನಡುವೆ ಎರಡು ಕಾಗದ ಬರೆದರು. ಒಂದಕ್ಕೂ ಜವಾಬಿಲ್ಲ. ಜೊತೆಯ ಶಿಕ್ಷಕರು, “ಇನ್ನೊಂದು ಪ್ರತಿ ಬರದು ಬ್ಯಾರೇದಕ್ಕ ಹಾಕ್ರಿ, ಯಾರಿಗೆ ಗೊತ್ತಾಗತೈತಿ?” ಎಂದರು. ಮಾಸ್ತರರು ಒಪ್ಪಲಿಲ್ಲ. ಕೈಯಾರೆ ಬರೆದುಕೊಟ್ಟ ಮಾತಿತ್ತು. ಕೊನೆಗೆ 2010ರ ಆಗಸ್ಟಿನಲ್ಲಿ ಲಕೋಟೆ ಮರಳಿತು. ಒಳಗೆ ಕಥೆ ಮಡಿಕೆ ಬಿಚ್ಚದಂತೆ ಇತ್ತು. ಅದೇ ವಾರ ಇನ್ನೊಂದು ಪತ್ರಿಕೆಗೆ ಹಾಕಿದರು. ಮೂರು ವಾರದಲ್ಲಿ ‘ಸ್ವೀಕರಿಸಿದ್ದೇವೆ’ ಎಂಬ ಕಾರ್ಡು ಬಂತು. ನವೆಂಬರಿನಲ್ಲಿ ಅವ್ವ ತೀರಿಕೊಂಡಳು. ಕಥೆ ಅಚ್ಚಾದದ್ದು 2011ರ ಜನವರಿಯಲ್ಲಿ. ಚಿತ್ರಗಾರನು ಆ ಹೆಂಗಸಿಗೆ ಇಳಕಲ್ ಸೀರೆ ಉಡಿಸಿದ್ದ. ಅವ್ವನಿಗೆ ಅದು ಇದ್ದದ್ದು ಒಂದೇ, ಮದುವೆಯದು.

ಇಷ್ಟನ್ನು ಕೇಳಿದವರು ಮೊದಲ ಪತ್ರಿಕೆಯ ಸಂಪಾದಕರನ್ನು ಶಪಿಸಿಯಾರು. ಆದರೆ ಆತನ ಮೇಜಿನ ಕಡೆಯಿಂದಲೂ ಒಮ್ಮೆ ನೋಡಬೇಕಾಗುತ್ತದೆ. ವಾರವಾರವೂ ಬರುವ ಕಥೆಗಳ ರಾಶಿಯಲ್ಲಿ ಒಂದನ್ನು ಆರಿಸಿ, ತಿದ್ದಿ, ಚಿತ್ರ ಬರೆಸಿ, ಪುಟ ಕಟ್ಟಿ ಮುಗಿಸಿದ ಮೇಲೆ ಅದೇ ಕಥೆ ಇನ್ನೊಂದು ಪತ್ರಿಕೆಯ ಅದೇ ವಾರದ ಸಂಚಿಕೆಯಲ್ಲಿ ಹಲ್ಲು ಕಿರಿಯುತ್ತಿದ್ದರೆ ಅವನ ಪಾಡೇನು? ಮರುವಾರ ಓದುಗರ ಓಲೆಗಳಲ್ಲಿ ಮಂಗಳಾರತಿ, ಮೇಲಿನವರಿಂದ ವಿಚಾರಣೆ, ಚಿತ್ರಗಾರನ ಶ್ರಮ ಮಣ್ಣು. ಹೀಗೆ ಒಂದೇ ಹೆಣ್ಣನ್ನು ಎರಡು ಮನೆಗೆ ಧಾರೆಯೆರೆದ ಲೇಖಕರು ಇಲ್ಲದಿಲ್ಲ. ಆದ್ದರಿಂದ ‘ನಮಗೊಬ್ಬರಿಗೇ ಕೊಡಿ’ ಎಂದು ಪತ್ರಿಕೆಯವರು ಕೇಳುವುದು ದರ್ಪವಲ್ಲ, ಪೆಟ್ಟು ತಿಂದವರ ಎಚ್ಚರಿಕೆ.

ಆದರೆ ಧಾರೆಯೆರೆಯುವುದು ಬೇರೆ, ಕನ್ಯೆ ನೋಡುವುದು ಬೇರೆ. ಗಂಡಿನ ಕಡೆಯವರು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿಯಿಂದ ಒಂದು ಹಾಡನ್ನೂ ಹೇಳಿಸಿ, “ಊರಿಗೆ ಹೋಗಿ ಪತ್ರ ಹಾಕತೇವಿ” ಎಂದು ಎದ್ದು ಹೋಗುತ್ತಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. ಆ ಪತ್ರ ಬರುವವರೆಗೆ ಇನ್ನೊಬ್ಬರಿಗೆ ಹುಡುಗಿಯನ್ನು ತೋರಿಸಬಾರದೆಂದು ಯಾವ ತಂದೆಯೂ ಬರೆದುಕೊಟ್ಟದ್ದಿಲ್ಲ. ಬರೆದುಕೊಟ್ಟಿದ್ದರೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ತಲೆ ನರೆತುಹೋಗುತ್ತಿತ್ತು. ನಮ್ಮ ಲೇಖಕ ಮಾತ್ರ ನೋಡುವ ಹಂತದಲ್ಲಿಯೇ ತಾಳಿ ಕಟ್ಟಿಸಿಕೊಂಡವನಂತೆ ಕೂರುತ್ತಾನೆ. ನೋಡಿದವರಿಗೆ ಅವಧಿಯಿಲ್ಲ, ಕಾಯುವವನಿಗೆ ಬಿಡುಗಡೆಯಿಲ್ಲ.

ಹದಿನೈದು ವರ್ಷಗಳ ಮೇಲೆ ಇದೇ ಪ್ರಶ್ನೆ ಹೊಸ ವೇಷದಲ್ಲಿ ಮಾಸ್ತರರ ಬಾಗಿಲಿಗೆ ಬಂತು. 2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಐವತ್ತು ಸಾವಿರ ಪೌಂಡುಗಳಲ್ಲಿ ಸಮಪಾಲು ಅನುವಾದಕಿ ದೀಪಾ ಭಾಸ್ತಿ ಅವರಿಗೆ. ಕನ್ನಡಕ್ಕೆ ಆ ಪ್ರಶಸ್ತಿ ಮೊದಲನೆಯದು, ಸಣ್ಣಕಥೆಯ ಸಂಗ್ರಹಕ್ಕೂ ಮೊದಲನೆಯದು. ಅಂದಿನಿಂದ ಕನ್ನಡದ ಎಷ್ಟೋ ಮನೆಗಳಲ್ಲಿ ಹಳೆಯ ಕಪಾಟುಗಳು ತೆರೆದುಕೊಂಡವು. ದಾವಣಗೆರೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರ ಮಗಳು ಅದಕ್ಕೆ ಮುಂಚಿನಿಂದಲೇ ತಂದೆಯ ಒಂಬತ್ತು ಕಥೆಗಳನ್ನು ಅನುವಾದಿಸಿಟ್ಟಿದ್ದಳು. ಮೊದಲನೆಯದು ಅಜ್ಜಿಯ ಕಥೆ. ಆಕೆ ಅದನ್ನು ಒಬ್ಬ ಸಾಹಿತ್ಯ ಏಜೆಂಟರಿಗೆ ಮಿಂಚಂಚೆಯಲ್ಲಿ ಕಳುಹಿಸಿದಳು. ಹತ್ತು ದಿನದಲ್ಲಿ ಉತ್ತರ: ‘ಕಥೆಗಳು ಆಸಕ್ತಿ ಹುಟ್ಟಿಸಿವೆ. ಪೂರ್ತಿ ಹಸ್ತಪ್ರತಿ ಕಳುಹಿಸಿರಿ. ನಮ್ಮ ನಿರ್ಧಾರ ತಿಳಿಸುವವರೆಗೆ ಬೇರೆ ಏಜೆಂಟರಿಗಾಗಲಿ ಪ್ರಕಾಶಕರಿಗಾಗಲಿ ತೋರಿಸಕೂಡದು.’

ಮಾಸ್ತರರ ಕಣ್ಣು ‘ತಿಳಿಸುವವರೆಗೆ’ ಎಂಬಲ್ಲಿಗೆ ಬಂದು ನಿಂತಿತು.

ಸಾಹಿತ್ಯ ಏಜೆಂಟ ಎಂಬ ಪ್ರಾಣಿಯನ್ನು ಕನ್ನಡದ ಲೇಖಕ ಕಂಡದ್ದು ಕಡಿಮೆ. ಲಂಡನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎ.ಪಿ. ವಾಟ್ ಎಂಬ ಸ್ಕಾಟ್ಲೆಂಡಿನವನು ಲೇಖಕರ ಪರವಾಗಿ ಪ್ರಕಾಶಕರೊಡನೆ ಚೌಕಾಶಿ ಮಾಡಿ, ಬಂದುದರಲ್ಲಿ ನೂರಕ್ಕೆ ಹತ್ತನ್ನು ತಾನಿಟ್ಟುಕೊಳ್ಳುವ ಪದ್ಧತಿಯನ್ನು ಬೇರೂರಿಸಿದ. ಕಿಪ್ಲಿಂಗ್, ಕಾನನ್ ಡಾಯ್ಲ್ ಮೊದಲಾದವರು ಅವನ ಕಕ್ಷಿಗಾರರು. ಈಗ ಅಲ್ಲಿ ಸಾಮಾನ್ಯ ದರ ನೂರಕ್ಕೆ ಹದಿನೈದು. ಪರದೇಶದ ಹಕ್ಕುಗಳಿಗೆ ಇಪ್ಪತ್ತು. ಪುಸ್ತಕ ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಓದುವುದಕ್ಕೇ ಶುಲ್ಕ ಕೇಳುವವನಿಂದ ದೂರವಿರಬೇಕೆಂದು ಆ ವೃತ್ತಿಯವರೇ ಹೇಳುತ್ತಾರೆ. ನಮ್ಮ ಕಡೆ ಲೇಖಕನೇ ಏಜೆಂಟ, ಲೇಖಕನೇ ಹಮಾಲ. ಹಾವೇರಿ ತಾಲೂಕಿನ ಗಳಗನಾಥರು, ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹಿಡಿಸಿದ ಆ ಶಾಲಾಮಾಸ್ತರರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. 1942ರಲ್ಲಿ ಅವರು ತೀರಿಕೊಂಡ ಮೇಲೂ ಎಷ್ಟೋ ದಿನ ಈ ಭಾಗದಲ್ಲಿ ಆ ಗಂಟಿನ ಮಾತು ಹೇಳುವವರಿದ್ದರು. ಆ ಗಂಟಿನ ಭಾರಕ್ಕೆ ನೂರಕ್ಕೆ ಹದಿನೈದು ಕೊಟ್ಟು ಇನ್ನೊಬ್ಬರ ಹೆಗಲು ಸಿಗುವುದಾದರೆ ಯಾರು ಬೇಡವೆಂದಾರು?

ಮಗಳಿಗೆ ಸಂದೇಹವೇ ಇರಲಿಲ್ಲ. “ಅಪ್ಪಾ, ಅಲ್ಲೆ ಎಲ್ಲಾರೂ ಏಕಕಾಲಕ್ಕ ಹತ್ತ ಮಂದಿಗೆ ಕಳಸ್ತಾರ. ನಾವೂ ಕಳಸೋಣು. ಇವರಿಗೆ ಏನೂ ಹೇಳೋದು ಬ್ಯಾಡ.”

“ಅವರು ಬ್ಯಾಡ ಅಂದ ಮ್ಯಾಲೆ ಕಳಿಸಿದ್ರ ಸುಳ್ಳಾಗತೈತವಾ.”

“ನೀವು ಹದಿನಾಲ್ಕು ತಿಂಗಳು ಖರೇ ಹೇಳಿದ್ದಕ್ಕ ಏನ್ ಸಿಕ್ತು?”

ಮಾಸ್ತರರು ಉತ್ತರ ಕೊಡಲಿಲ್ಲ. ಮಗಳಿಗೂ ಆ ಮಾತು ಆಡಿದ ಮೇಲೆ ಕೆಡುಕೆನಿಸಿತು. ಆ ರಾತ್ರಿ ಇಬ್ಬರೂ ಮತ್ತೆ ಆ ವಿಷಯ ತೆಗೆಯಲಿಲ್ಲ.

ಉತ್ತರ ಸಿಕ್ಕಿದ್ದು ಬ್ಯಾಡಗಿಯ ಪೇಟೆಯಲ್ಲಿ. ನೆಂಟರ ಮನೆಯ ಮೆಣಸಿನಕಾಯಿಯ ಜೊತೆಗೆ ಮಾಸ್ತರರೂ ಒಂದು ಸೋಮವಾರ ಅಲ್ಲಿಗೆ ಹೋಗಿದ್ದರು. ಸೋಮವಾರ, ಗುರುವಾರಗಳ ಆ ಪೇಟೆಯನ್ನು ನೋಡದವರಿಗೆ ಬಣ್ಣಿಸುವುದು ಕಷ್ಟ. ಪೇಟೆಯೊಳಗೆ ಕಾಲಿಡುವ ಮೊದಲೇ ಸೀನು ಬರುತ್ತದೆ. ಕಣ್ಣು ಹಾಯುವವರೆಗೆ ಚೀಲಗಳು. ಬಾಯಿ ಬಿಚ್ಚಿದ ಚೀಲಗಳಲ್ಲಿ ಸುಕ್ಕುಗಟ್ಟಿದ ಕೆಂಪು. ಕಡ್ಡಿ ಎಂದೊಂದು ಜಾತಿ, ಡಬ್ಬಿ ಎಂದೊಂದು. ಖಾರಕ್ಕಿಂತ ಬಣ್ಣಕ್ಕೇ ಬೆಲೆ. ಅದರ ಬಣ್ಣವನ್ನು ಹಿಂಡಿ ತೆಗೆದು ಪರದೇಶಗಳಿಗೂ ಕಳುಹಿಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆತಿದೆ. ಮಾಸ್ತರರ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ದಲಾಲಿ ಅಂಗಡಿಯ ಗುಮಾಸ್ತ. ಗುರುಗಳನ್ನು ಕಂಡು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದ. ಕಥೆಯ ಸಂಗತಿಯನ್ನು ಮಾಸ್ತರರು ಹೇಳಿಕೊಂಡಾಗ ಅವನು ನಕ್ಕ.

“ಇದು ನಮ್ಮ ದಿನದ ವ್ಯವಹಾರ ಅಲ್ಲೇನ್ರಿ ಮಾಸ್ತರ್ರ! ರೈತ ನಮ್ಮ ಅಂಗಡ್ಯಾಗ ಚೀಲ ಇಳಿಸಿದ ಅಂದ್ರ ಆ ಮಾಲು ನಮ್ಮ ಒಬ್ಬರ ಜವಾಬ್ದಾರಿ. ಅದ ಮಾಲನ್ನ ಬಾಜೂ ಅಂಗಡ್ಯಾಗೂ ಇಡತೀನಿ ಅಂದ್ರ ಆಗಂಗಿಲ್ಲ. ಆದ್ರ ನಾವು ಅದನ್ನ ಒಬ್ಬ ಖರೀದಿದಾರಗ ಅಷ್ಟ ತೋರಸ್ತೀವಿ ಅಂದ್ರ ರೈತ ಸುಮ್ಮನಿರತಾನೇನು? ಪೇಟೆ ಮಂದಿ ಎಲ್ಲಾರೂ ನೋಡಬೇಕು, ಎಲ್ಲಾರೂ ಟೆಂಡರ್ ಹಾಕಬೇಕು, ಸಂಜಿಯೊಳಗ ದರ ಗೊತ್ತಾಗಬೇಕು.”

“ದರ ಮನಸ್ಸಿಗೆ ಬರಲಿಲ್ಲಂದ್ರ?”

“ರೈತ ಒಲ್ಲೆ ಅಂತಾನ. ಚೀಲ ಎತ್ತಿ ಕೋಲ್ಡ್ ಸ್ಟೋರೇಜಿಗೆ ಒಯ್ಯತಾನ. ಹಂಗ ಬಿಸಿಲಾಗ ಬಿಟ್ರ ಬಣ್ಣ ಹೋಗತೈತ್ರಿ.”

ಮೆಣಸಿನಕಾಯಿಯ ಗುಮಾಸ್ತನ ಈ ಮಾತಿನಲ್ಲಿ ಪ್ರಶ್ನೆಯ ಗಂಟು ಅರ್ಧ ಬಿಚ್ಚಿಕೊಂಡಿತು. ಮೀಸಲು ಎಂಬುದು ಒಂದೇ ವಸ್ತುವಲ್ಲ. ಏಜೆಂಟನನ್ನು ಒಪ್ಪಿಕೊಂಡ ಮೇಲೆ ಕೃತಿಯನ್ನು ಅವನೊಬ್ಬನ ಅಂಗಡಿಯಲ್ಲಿ ಇಳಿಸಬೇಕಾದದ್ದು ನ್ಯಾಯ. ಇಬ್ಬರು ದಲಾಲರು ಒಂದೇ ಚೀಲವನ್ನು ಕೂಗಿದರೆ ಪೇಟೆಯೇ ಕೆಡುತ್ತದೆ. ಆದರೆ ಅವನು ಇನ್ನೂ ‘ಆಗಲಿ’ ಎಂದಿಲ್ಲ. ಚೀಲದ ಬಾಯಿ ಬಿಚ್ಚಿ ನೋಡಬೇಕೆಂದು ಮಾತ್ರ ಕೇಳುತ್ತಿದ್ದಾನೆ. ನೋಡಲು ಎಷ್ಟು ಹೊತ್ತು ಬೇಕೆಂದು ಹೇಳದೆ ಪೇಟೆಯನ್ನೆಲ್ಲ ಮುಚ್ಚಿಸಿದರೆ ಸಂಜೆಯ ಹೊತ್ತಿಗೆ ರೈತ ಏನು ಮಾಡಬೇಕು? ಆತ ದುರುದ್ದೇಶದವನೆಂದಲ್ಲ. ಓದುವುದು ಶ್ರಮದ ಕೆಲಸ. ಮುನ್ನೂರು ಪುಟ ಓದಿ, ತಿದ್ದುಪಡಿ ಯೋಚಿಸಿ, ‘ಆಗಲಿ’ ಎಂದು ಬರೆಯುವ ದಿನವೇ ಕೃತಿ ಇನ್ನೊಬ್ಬರ ಪಾಲಾಗಿದ್ದರೆ ಅವನ ದುಡಿಮೆಗೆ ಕೂಲಿಯಿಲ್ಲ. ಅವನು ಕೇಳುವ ರಕ್ಷಣೆ ಸಲ್ಲತಕ್ಕದ್ದೇ. ಅದರ ಅಳತೆಯನ್ನು ಮಾತ್ರ ಅವನೊಬ್ಬನೇ ನಿರ್ಣಯಿಸಬಾರದು.

ಹಿರೇಕೆರೂರಿನ ವಕೀಲರೊಬ್ಬರು, ಅವರೂ ಮಾಸ್ತರರ ಓರಗೆಯವರು, ಕಾಯಿದೆಯ ಮಾತು ಹೇಳಿದರು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನಂತೆ, ಹಕ್ಕನ್ನು ವಹಿಸಿಕೊಡುವುದು ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು ತಿಳಿಯತಕ್ಕದ್ದು. ಸ್ಥಳ ನಮೂದಿಸದಿದ್ದರೆ ಭಾರತ ದೇಶಕ್ಕೆ ಮಾತ್ರವೆಂದು ತಿಳಿಯತಕ್ಕದ್ದು. ಪಡೆದವನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಹಕ್ಕು ಲೇಖಕನಿಗೆ ಮರಳುತ್ತದೆ. ಹಕ್ಕನ್ನೇ ಕೊಟ್ಟವನಿಗೆ ಕಾಯಿದೆ ಇಷ್ಟು ಗಡಿ ಹಾಕಿಕೊಟ್ಟಿದೆ. “ಬರೇ ಓದಾಕ ಕೊಟ್ಟಾವಗ ಯಾವ ಕಾಯಿದೆಯೂ ಗಡಿ ಹಾಕಿಲ್ಲ ಮಾಸ್ತರ, ನೀನ ಹಾಕ್ಕೋಬೇಕು” ಎಂದರು. ಪ್ರತಿಫಲವಿಲ್ಲದೆ ಕೊಟ್ಟ ಅಂಥ ಮಾತು ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟವೆಂದು ಸೇರಿಸಿದರು. ಮಾಸ್ತರರಿಗೆ ಆ ಸಮಾಧಾನ ಬೇಕಾಗಿರಲಿಲ್ಲ. ಕೋರ್ಟಿನಲ್ಲಿ ನಿಲ್ಲದ ಮಾತು ಮಾಸೂರಿನಲ್ಲಿ ನಿಲ್ಲಬೇಕಲ್ಲ!

ಒಬ್ಬರಿಗೇ ಕೊಟ್ಟು ಕೆಟ್ಟವರೂ ಇದ್ದಾರೆ, ಒಬ್ಬರಿಗೇ ಕೊಟ್ಟು ಬಾಳಿದವರೂ ಇದ್ದಾರೆ. ಅಮೆರಿಕದ ನ್ಯೂ ಆರ್ಲಿಯನ್ಸಿನ ಜಾನ್ ಕೆನೆಡಿ ಟೂಲ್ ಎಂಬ ತರುಣ ಅಧ್ಯಾಪಕ ತನ್ನ ಹಾಸ್ಯ ಕಾದಂಬರಿಯನ್ನು ಹಿಡಿದು 1964ರಿಂದ ಎರಡು ವರ್ಷ ಮುಖ್ಯವಾಗಿ ಒಬ್ಬ ಸಂಪಾದಕನೊಡನೆಯೇ ಪತ್ರವ್ಯವಹಾರ ನಡೆಸಿದ. ಸಂಪಾದಕ ಮೆಚ್ಚಿದ, ತಿದ್ದಲು ಹೇಳಿದ, ಒಪ್ಪಲಿಲ್ಲ. ಕೊನೆಗೆ ಹಸ್ತಪ್ರತಿ ಮೂಲೆ ಸೇರಿತು. 1969ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಟೂಲ್ ತನ್ನ ಬಾಳನ್ನೇ ಕೊನೆಗಾಣಿಸಿಕೊಂಡ. ಅದಕ್ಕೆ ಕಾರಣಗಳು ಹಲವಿದ್ದುವು. ಎಲ್ಲವನ್ನೂ ಒಂದು ಹಸ್ತಪ್ರತಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅವನ ಮುದಿ ತಾಯಿ ಅದೇ ಹಸ್ತಪ್ರತಿಯನ್ನು ಹೊತ್ತು ಬಾಗಿಲಿಂದ ಬಾಗಿಲಿಗೆ ತಿರುಗಿದಳು. 1980ರಲ್ಲಿ ಅದು ಅಚ್ಚಾಯಿತು. 1981ರಲ್ಲಿ ಪುಲಿಟ್ಜರ್ ಬಹುಮಾನ ಪಡೆಯಿತು. ಮಾಸ್ತರರ ಮನೆಯಲ್ಲಿ ಕಥೆ ಅಚ್ಚಾಗುವ ಹೊತ್ತಿಗೆ ತಾಯಿ ಇರಲಿಲ್ಲ. ಅಲ್ಲಿ ಮಗ ಇರಲಿಲ್ಲ.

ಇನ್ನೊಂದು ನಿದರ್ಶನ ಹತ್ತಿರದ್ದು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಬಲ್ಲದ ಸಾಹಿತಿಯಿಲ್ಲ. ಇಂಗ್ಲೆಂಡಿನಲ್ಲಿ ಕುಳಿತು ಅನಂತಮೂರ್ತಿಯವರು ಬರೆದ ‘ಸಂಸ್ಕಾರ’ 1965ರಲ್ಲಿ ಅಲ್ಲಿಂದಲೇ ಹೊರಬಂತು. ಆಕ್ಸ್‌ಫರ್ಡಿಗೆ ಹೊರಟಿದ್ದ ಇಪ್ಪತ್ತೆರಡರ ತರುಣ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು 1961ರಲ್ಲಿ ಅಚ್ಚು ಹಾಕಿದ್ದೂ ಆ ಅಟ್ಟವೇ. ಕಾರ್ನಾಡರು ಜಗತ್ಪ್ರಸಿದ್ಧರಾದ ಮೇಲೂ ತಮ್ಮ ಕನ್ನಡ ನಾಟಕಗಳನ್ನು ಆ ಪ್ರಕಾಶನಕ್ಕೇ ಕೊಡುತ್ತ ಬಂದರು. ಯಾವ ಮುಚ್ಚಳಿಕೆ ಅವರನ್ನು ಕಟ್ಟಿಹಾಕಿತ್ತು? ಅಲ್ಲಿ ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಹಸ್ತಪ್ರತಿಯನ್ನು ಓದುತ್ತಿದ್ದರು, ಜಗಳವಾಡುತ್ತಿದ್ದರು, ತಿದ್ದಿಸುತ್ತಿದ್ದರು. ಅಂಥವರಿಗೆ ಮೀಸಲಾಗಿ ಕೊಡುವವನಿಗೆ ಕಳೆದುಕೊಂಡೆನೆಂಬ ಭಾವವೇ ಬರುವುದಿಲ್ಲ. ತಿರುಪತಿಯ ಮುಡಿಪಿನ ಗಂಟನ್ನು ಮನೆಯವರು ತಾವಾಗಿ ಕಟ್ಟಿಡುತ್ತಾರೆ. ಬಾಗಿಲಿಗೆ ಬಂದು ಯಾರೂ ಕಟ್ಟಿಸುವುದಿಲ್ಲ.

ಹೀಗೆಲ್ಲ ಯೋಚಿಸಿ ಮಾಸ್ತರರು ಒಂದು ಭಾನುವಾರ ಮಗಳನ್ನು ಕರೆಸಿಕೊಂಡರು. ಕನ್ನಡದಲ್ಲಿ ಬರೆದಿಟ್ಟ ಉತ್ತರವನ್ನು ಆಕೆ ಇಂಗ್ಲಿಷಿಗೆ ತಿರುಗಿಸಬೇಕಾಗಿತ್ತು. ಅದರ ಸಾರಾಂಶ ಇಷ್ಟು: ಹಸ್ತಪ್ರತಿಯನ್ನು ಸಂತೋಷದಿಂದ ಕಳುಹಿಸಿದೆ. ಇಂದಿನಿಂದ ಎಂಟು ವಾರ ಇದು ತಮಗೊಬ್ಬರಿಗೇ ಮೀಸಲು. ಆ ಅವಧಿಯಲ್ಲಿ ಬೇರೆ ಯಾರಿಗೂ ತೋರಿಸುವುದಿಲ್ಲ. ಎಂಟು ವಾರ ತುಂಬಿದ ಮರುದಿನದಿಂದ ಬೇರೆಯವರಿಗೂ ಕಳುಹಿಸುವ ಸ್ವಾತಂತ್ರ್ಯವಿರುತ್ತದೆ. ಹಾಗೆ ಕಳುಹಿಸಿದರೆ ತಮಗೂ ತಿಳಿಸಲಾಗುವುದು. ತಾವು ಕೃತಿಯನ್ನು ಒಪ್ಪಿಕೊಂಡ ದಿನ ಎಲ್ಲ ಮಾತುಕತೆಯೂ ತಮ್ಮ ಮೂಲಕವೇ ನಡೆಯುತ್ತದೆ.

ಮಗಳಿಗೆ ಭಯವಾಯಿತು. “ಸಿಟ್ಟಾಗಿ ವಾಪಸ್ ಕಳಿಸಿದ್ರ?”

“ಎಂಟು ವಾರದಾಗ ಕಳಸಲಿ. ಹದಿನಾಲ್ಕು ತಿಂಗಳಿಗಿಂತ ಬೇಕಲ್ಲ.”

ಆಕೆ ನಕ್ಕಳು. ಆದರೆ ಅಷ್ಟಕ್ಕೇ ಸಿದ್ಧತೆ ಮುಗಿಯಲಿಲ್ಲ. ಎರಡು ಕಥೆಗಳ ಕನ್ನಡ ಮೂಲವನ್ನೂ ಏಜೆಂಟರು ಕೇಳಿದ್ದರು. ಅವು ನುಡಿ ಅಕ್ಷರಗಳಲ್ಲಿದ್ದು, ಕಳುಹಿಸಿ ನೋಡಿದರೆ ಆ ಕಡೆ ಬರಿಯ ಕಾಗೆಕಾಲಿನಂತೆ ಕಾಣುತ್ತಿದ್ದವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒಡೆದುಹೋದ ಒತ್ತಕ್ಷರಗಳನ್ನು ಕೂಡಿಸುವುದರಲ್ಲಿ ತಂದೆ ಮಗಳಿಬ್ಬರಿಗೂ ಮಧ್ಯಾಹ್ನದ ಊಟ ತಪ್ಪಿತು. ಅವ್ವನ ಕಥೆಯಲ್ಲಿ ‘ಕೆರೆ’ ಎಂಬುದು ಎಲ್ಲ ಕಡೆಯೂ ‘ಕರೆ’ ಎಂದಾಗಿತ್ತು. ಒಂದೊಂದಾಗಿ ತಿದ್ದಿದರು. ಸಂಜೆ ಆರರ ಸುಮಾರಿಗೆ ಮಗಳು ಗುಂಡಿ ಒತ್ತಿದಳು.

“ಹೋತೇನು?” ಎಂದು ಮಾಸ್ತರರು ಕೇಳಿದರು.

“ಹೋತಪಾ.”

“ಪಾವತಿ ಬರಂಗಿಲ್ಲೇನು?”

ಅಂಥದೇನೂ ಬರುವುದಿಲ್ಲವೆಂದು ಕೇಳಿ ಅವರಿಗೆ ಪೂರ್ಣ ನಂಬಿಕೆಯಾಗಲಿಲ್ಲ. ಖಾನೆಯಿಂದ ವಹಿ ತೆಗೆದು, ಕಥೆಗಳ ಹೆಸರು, ಹೋದ ಸ್ಥಳ, ಹೋದ ದಿನ ಬರೆದರು. ಆಮೇಲೆ ಸ್ವಲ್ಪ ಹೊತ್ತು ತಡೆದು, ಖಾಲಿಯಿದ್ದ ಐದನೆಯ ಅಂಕಣದ ನೆತ್ತಿಯ ಮೇಲೆ ಮೊದಲ ಸಲ ಒಂದು ಹೆಸರು ಬರೆದರು: ‘ಗಡುವು’. ಗೋಡೆಯ ಮೇಲಿನ ತೂಗುಪಂಚಾಂಗದ ಹಾಳೆಯನ್ನು ಎತ್ತಿ ಹಿಡಿಯಲು ಮಗಳಿಗೆ ಹೇಳಿ, ಎಂಟು ಭಾನುವಾರಗಳನ್ನು ಎಣಿಸಿ, ಎಂಟನೆಯದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದರು.